ಮತದಾರರ ತೀರ್ಪಿಗೆ ತಲೆಬಾಗಿದ ವೀರೇಂದ್ರ ಪಾಟೀಲರು

ಹನ್ನೆರಡನೆಯ ಶತಮಾನದಲ್ಲಿಯೇ ಅನುಭವ ಮಂಟಪದಂಥ ಸಭೆಯನ್ನು ಕಂಡ ಕಲ್ಯಾಣದ ನೆಲವು ಮತಪೆಟ್ಟಿಗೆಯನ್ನು ಕಾಣಲು ಇಪ್ಪತ್ತನೆಯ ಶತಮಾನದ ನಡುಗಾಲದವರೆಗೆ ಕಾಯಬೇಕಾಯಿತು. ಕಲಬುರಗಿ, ಬೀದರ, ರಾಯಚೂರು ಸೀಮೆಗಳು ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿದ್ದ ಕಾಲದಲ್ಲಿ ಪ್ರಜೆಯಾದವನಿಗೆ ತನ್ನ ಕಷ್ಟವನ್ನು ಅರಿಕೆ ಮಾಡಿಕೊಳ್ಳುವುದು ಸಾಧ್ಯವಿತ್ತೇ ಹೊರತು ಆಳುವವರನ್ನು ಆರಿಸುವ ಅಧಿಕಾರವಿರಲಿಲ್ಲ. 1948ರ ಸೆಪ್ಟೆಂಬರ್ 17ರಂದು ಆ ಸಂಸ್ಥಾನವು ಭಾರತದ ಒಕ್ಕೂಟದಲ್ಲಿ ಲೀನವಾದ ಮೇಲೆಯೇ ಈ ಸೀಮೆಗೆ ಸ್ವಾತಂತ್ರ್ಯದ ಬೆಳಕು ಬಿದ್ದಿತು. ಮೊದಲನೆಯ ಮಹಾಚುನಾವಣೆಯಲ್ಲಿ, ಜಮೀನುದಾರನಿಗೂ ಕೂಲಿಕಾರನಿಗೂ, ಓದು ಬಲ್ಲವನಿಗೂ ಹೆಬ್ಬೆಟ್ಟು ಒತ್ತುವವನಿಗೂ ಒಂದೇ ಬೆಲೆಯ ಒಂದೊಂದು ಮತ ದೊರೆಯಿತು. 1952ರಲ್ಲಿ ಗುಲ್ಬರ್ಗಾ ಕ್ಷೇತ್ರವು ಹೈದರಾಬಾದ್ ವಿಮೋಚನೆಯ ಮುಂದಾಳು ಸ್ವಾಮಿ ರಾಮಾನಂದ ತೀರ್ಥರನ್ನು ಪ್ರಥಮ ಲೋಕಸಭೆಗೆ ಕಳುಹಿಸಿತು.

ಹೀಗೆ ತಡವಾಗಿ ಮತಾಧಿಕಾರವನ್ನು ಪಡೆದ ಸೀಮೆಯಿಂದ ಹೊರಟು, ರಾಜ್ಯದ ಅತ್ಯುನ್ನತ ಅಧಿಕಾರ ಪೀಠವನ್ನು ಎರಡು ಸಲ ಏರಿದವರು ಶ್ರೀ ವೀರೇಂದ್ರ ಪಾಟೀಲರು. ಅವರ ಮೊದಲ ಆಡಳಿತ ಮೂರು ವರ್ಷವನ್ನೂ ತುಂಬಲಿಲ್ಲ. ಎರಡನೆಯದು ಒಂದು ವರ್ಷವನ್ನೂ ಮುಟ್ಟಲಿಲ್ಲ. ಅಧಿಕಾರದ ಅವಧಿಯನ್ನಷ್ಟೇ ಎಣಿಸಿದರೆ ಅವರ ಬಾಳು ಕಿರಿದಾಗಿ ಕಂಡೀತು. ಆದರೆ ಗೆಲುವನ್ನೂ ಸೋಲನ್ನೂ ಮತದಾರರ ಕೈಯಿಂದ ಅವರು ಹೇಗೆ ಸ್ವೀಕರಿಸಿದರು, ಮತದಾರರ ಕೈವಾಡವಿಲ್ಲದೆ ಅಧಿಕಾರ ಹೋದಾಗ ನಾಡು ಅದನ್ನು ಹೇಗೆ ಸ್ವೀಕರಿಸಿತು ಎಂಬುದನ್ನು ನೋಡಿದಾಗ, ಕರ್ನಾಟಕದ ಚುನಾವಣೆಗಳ ಅರ್ಧಶತಮಾನದ ಕಥೆಯೇ ಅವರ ಚರಿತ್ರೆಯಲ್ಲಿ ಅಡಕವಾಗಿರುವುದು ತಿಳಿಯುತ್ತದೆ.

ವೀರೇಂದ್ರ ಪಾಟೀಲರು ಜನಿಸಿದ್ದು 1924ರ ಫೆಬ್ರವರಿ 28ರಂದು, ಕಲಬುರಗಿ ಜಿಲ್ಲೆಯ ಚಿಂಚೋಳಿಯಲ್ಲಿ. ತೆಲುಗು ನಾಡಿನ ಅಂಚಿಗೆ ತಾಗಿದ, ಮುಲ್ಲಾಮಾರಿ ನದಿ ಹರಿಯುವ, ಜೋಳ ತೊಗರಿಗಳ ನೆಲವದು. ಮನೆಯ ಮಾತು ಕನ್ನಡ, ಸಂತೆಯಲ್ಲಿ ಕನ್ನಡದ ಜತೆಗೆ ತೆಲುಗು, ಕಚೇರಿಯಲ್ಲಿ ಉರ್ದು. ಕಲಬುರಗಿ ನಗರದ ಬಡಾವಣೆಗಳ ಹೆಸರುಗಳನ್ನು ನೋಡಿದರೂ ಇದೇ ಬೆರಕೆ ಕಾಣುತ್ತದೆ. ಶಹಾಬಜಾರ, ಗಾಜಿಪುರ, ಬ್ರಹ್ಮಪುರಗಳು ಒಂದೇ ಊರಿನ ನೆರೆಹೊರೆಗಳು. ಇಂಥ ಸೀಮೆಯ ತರುಣನು ಉನ್ನತ ವಿದ್ಯೆಯನ್ನು ಬಯಸಿದರೆ ಆ ಕಾಲದಲ್ಲಿ ಹೈದರಾಬಾದಿಗೇ ಹೋಗಬೇಕಾಗಿತ್ತು. 1918ರಲ್ಲಿ ಸ್ಥಾಪಿತವಾಗಿ ಉರ್ದುವನ್ನೇ ಬೋಧನ ಭಾಷೆಯನ್ನಾಗಿ ಮಾಡಿಕೊಂಡಿದ್ದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲಿ ಪಾಟೀಲರು ಕಲಿತು, ಕಾನೂನು ಪದವಿಯನ್ನು ಪಡೆದು ವಕೀಲರಾದರು. ಅವರ ವಿದ್ಯಾರ್ಥಿ ದೆಸೆಯು ರಜಾಕಾರರ ಹಾವಳಿಯ ದಿನಗಳೊಡನೆ ಕೂಡಿಕೊಂಡಿತ್ತು. ಅಧಿಕಾರವು ಪ್ರಜೆಯ ಸಮ್ಮತಿಯಿಂದ ಬಾರದೆ ಇದ್ದರೆ ಅದು ಎಂಥ ರೂಪವನ್ನು ತಾಳಬಲ್ಲುದು ಎಂಬುದನ್ನು ಆ ತಲೆಮಾರು ಕಣ್ಣಾರೆ ಕಂಡಿತು.

1956ರ ನವೆಂಬರ್ 1ರಂದು ಭಾಷಾವಾರು ಪ್ರಾಂತಗಳ ರಚನೆಯಾಗಿ ಕಲಬುರಗಿ, ಬೀದರ, ರಾಯಚೂರು ಜಿಲ್ಲೆಗಳು ವಿಶಾಲ ಮೈಸೂರು ರಾಜ್ಯವನ್ನು ಸೇರಿದವು. ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದಾದ ಸಂತೋಷ ಎಲ್ಲರದಾಗಿತ್ತು. ಆದರೂ ಈ ಸೀಮೆಯ ಜನರಿಗೆ ಒಂದು ಅಳುಕು ಇದ್ದೇ ಇತ್ತು. ಬೆಂಗಳೂರು ದೂರ, ಅಲ್ಲಿಯ ಕಚೇರಿಯ ಕ್ರಮ ಬೇರೆ, ಅಲ್ಲಿಯವರ ವಿದ್ಯಾಭ್ಯಾಸದ ಅನುಕೂಲ ಇಲ್ಲಿಯವರಿಗೆ ಇರಲಿಲ್ಲ. ನಿಜಾಮರ ಕಾಲದ ಉರ್ದು ಕಾಗದಪತ್ರಗಳಲ್ಲಿ ನುರಿತವರು ಹೊಸ ರಾಜ್ಯದಲ್ಲಿ ಮತ್ತೆ ಅಕ್ಷರಾಭ್ಯಾಸವನ್ನು ಆರಂಭಿಸಬೇಕಾದ ಸ್ಥಿತಿಯಿತ್ತು. ಈ ಕೊರತೆಯನ್ನು ತುಂಬಲು ಆಗ ಮಠಗಳೂ ಸಾರ್ವಜನಿಕ ಸಂಸ್ಥೆಗಳೂ ಒಟ್ಟಿಗೆ ಮುಂದಾದವು. 1957, 1962 ಮತ್ತು 1967ರ ಚುನಾವಣೆಗಳಲ್ಲಿ ಗುಲ್ಬರ್ಗಾ ಕ್ಷೇತ್ರದಿಂದ ಲೋಕಸಭೆಗೆ ಆರಿಸಿ ಹೋದ ಶ್ರೀ ಮಹಾದೇವಪ್ಪ ರಾಂಪುರೆಯವರು 1958ರಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯನ್ನು ಕಟ್ಟಿದರು. ಅದೇ ವರ್ಷ ಪೂಜ್ಯ ದೊಡ್ಡಪ್ಪ ಅಪ್ಪ ಅವರ ಹೆಸರಿನ ಇಂಜಿನಿಯರಿಂಗ್ ಕಾಲೇಜೂ, 1963ರಲ್ಲಿ ವೈದ್ಯಕೀಯ ಕಾಲೇಜೂ ಕಲಬುರಗಿಯಲ್ಲಿ ಆರಂಭವಾದವು.

ದಿಲ್ಲಿಯಲ್ಲಿ ಈ ಸೀಮೆಯ ಮಾತನ್ನು ರಾಂಪುರೆಯವರು ಹೇಳುತ್ತಿದ್ದಾಗ, ಬೆಂಗಳೂರಿನಲ್ಲಿ ಹೇಳುವ ಹೊಣೆ ಪಾಟೀಲರ ಪಾಲಿಗೆ ಬಂದಿತು. 1957ರಲ್ಲಿ ಚಿಂಚೋಳಿಯ ಮತದಾರರು ಅವರನ್ನು ವಿಧಾನಸಭೆಗೆ ಆರಿಸಿದರು. 1962ರಲ್ಲಿಯೂ 1967ರಲ್ಲಿಯೂ ಮರಳಿ ಆರಿಸಿದರು. ಶ್ರೀ ಎಸ್. ನಿಜಲಿಂಗಪ್ಪನವರ ಸಂಪುಟದಲ್ಲಿ ಅವರು ಲೋಕೋಪಯೋಗಿ ಖಾತೆಯನ್ನು ನಿರ್ವಹಿಸಿದರು. ರಸ್ತೆ, ಸೇತುವೆ, ಕಾಲುವೆಗಳ ಖಾತೆ ಅದು. ಮಳೆಗಾಲದಲ್ಲಿ ಹಳ್ಳ ಬಂದರೆ ಊರೂರಿನ ಸಂಪರ್ಕ ಕಡಿದುಹೋಗುತ್ತಿದ್ದ ನಾಡಿನಿಂದ ಬಂದವರಿಗೆ ಅದರ ಮಹತ್ವವನ್ನು ಬೇರೆಯವರು ತಿಳಿಸಬೇಕಾಗಿರಲಿಲ್ಲ. ಕಡತಗಳನ್ನು ತಾವೇ ಓದುವ, ಮಿತವಾಗಿ ಮಾತಾಡುವ, ಕೆಲಸಗಾರ ಮಂತ್ರಿಯೆಂಬ ಹೆಸರು ಅವರಿಗೆ ಆ ಕಾಲದಲ್ಲಿಯೇ ಬಂದಿತು. ಶ್ರೀ ರಾಮಕೃಷ್ಣ ಹೆಗಡೆಯವರನ್ನೂ ಪಾಟೀಲರನ್ನೂ ನಿಜಲಿಂಗಪ್ಪನವರ ಲವ ಕುಶರೆಂದು ಜನ ಕರೆಯುತ್ತಿದ್ದರು.

ನಿಜಲಿಂಗಪ್ಪನವರು ಅಖಿಲ ಭಾರತ ಕಾಂಗ್ರೆಸ್ಸಿನ ಅಧ್ಯಕ್ಷರಾದ ತರುವಾಯ 1968ರ ಮೇ 29ರಂದು ವೀರೇಂದ್ರ ಪಾಟೀಲರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾದರು. ಆಗ ಅವರಿಗೆ 44 ವರ್ಷ ವಯಸ್ಸು. ಹಿಂದಿನ ಹೈದರಾಬಾದ್ ಸಂಸ್ಥಾನದ ಕನ್ನಡ ಜಿಲ್ಲೆಗಳಿಂದ ಆ ಪೀಠಕ್ಕೇರಿದವರಲ್ಲಿ ಅವರೇ ಮೊದಲಿಗರು. ಏಕೀಕರಣವಾಗಿ ಹನ್ನೆರಡು ವರ್ಷಗಳೊಳಗೆ ಅಂಚಿನ ಸೀಮೆಯೊಂದು ಇಡೀ ರಾಜ್ಯಕ್ಕೆ ನಾಯಕನನ್ನು ಕೊಟ್ಟಿತು. ಹೊಸ ರಾಜ್ಯದಲ್ಲಿ ನಾವು ಹೊರಗಿನವರಲ್ಲವೆಂಬ ಭಾವನೆ ಇಲ್ಲಿಯ ಜನರ ಮನಸ್ಸಿನಲ್ಲಿ ನೆಲೆಗೊಳ್ಳಲು ಆ ದಿನ ಬಹಳ ನೆರವಾಯಿತು. ಅವರ ಆಡಳಿತದ ಕಾಲದಲ್ಲಿಯೇ, 1970ರಲ್ಲಿ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ ಕಲಬುರಗಿಯಲ್ಲಿ ಆರಂಭವಾಯಿತು. 1980ರಲ್ಲಿ ಗುಲ್ಬರ್ಗಾ ವಿಶ್ವವಿದ್ಯಾಲಯವಾಗಿ ಬೆಳೆದದ್ದು ಆ ಬೀಜವೇ.

ಆದರೆ ಅವರು ಪೀಠವೇರಿದ ಕಾಲ ಪ್ರಶಾಂತವಾದುದಾಗಿರಲಿಲ್ಲ. 1969ರ ಜುಲೈ ತಿಂಗಳಲ್ಲಿ ಬೆಂಗಳೂರಿನ ಲಾಲ್‌ಬಾಗಿನ ಗಾಜಿನ ಮನೆಯಲ್ಲಿ ಕಾಂಗ್ರೆಸ್ ಮಹಾಸಮಿತಿ ಸೇರಿತು. ರಾಷ್ಟ್ರಪತಿ ಸ್ಥಾನಕ್ಕೆ ಯಾರನ್ನು ನಿಲ್ಲಿಸಬೇಕೆಂಬ ವಿಷಯದಲ್ಲಿ ಪ್ರಧಾನಿ ಇಂದಿರಾ ಗಾಂಧಿಯವರಿಗೂ ಪಕ್ಷದ ಹಿರಿಯರಿಗೂ ಭಿನ್ನಾಭಿಪ್ರಾಯ ಬೆಳೆಯಿತು. ಸಂಜೀವ ರೆಡ್ಡಿಯವರು ಪಕ್ಷದ ಅಭ್ಯರ್ಥಿಯಾದರು, ಗೆದ್ದವರು ವಿ.ವಿ. ಗಿರಿಯವರು. ನವೆಂಬರಿನಲ್ಲಿ ಪಕ್ಷವೇ ಎರಡಾಗಿ ಸೀಳಿತು. ದೇಶದ ಬಹುಭಾಗದಲ್ಲಿ ಗಾಳಿ ಪ್ರಧಾನಿಯವರ ಕಡೆಗೆ ಬೀಸುತ್ತಿತ್ತು. ಪಾಟೀಲರು ಗಾಳಿಯನ್ನು ನೋಡಲಿಲ್ಲ. ತಮ್ಮನ್ನು ಬೆಳೆಸಿದ ಗುರುವನ್ನು ನೋಡಿದರು. ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನಲ್ಲಿಯೇ ನಿಂತರು. ಗುಜರಾತಿನ ಸರಕಾರದಂತೆ ಮೈಸೂರು ಸರಕಾರವೂ ಆ ಪಕ್ಷದ ಆಸರೆಯಾಗಿ ಉಳಿಯಿತು.

ತೀರ್ಪು ಹೇಳಿದವರು ಮತದಾರರು. 1971ರ ಮಾರ್ಚಿನ ಲೋಕಸಭಾ ಚುನಾವಣೆಯಲ್ಲಿ ರಾಜ್ಯದ 27 ಸ್ಥಾನಗಳಲ್ಲಿ 27ನ್ನೂ ಇಂದಿರಾ ಗಾಂಧಿಯವರ ಕಾಂಗ್ರೆಸ್ ಗೆದ್ದಿತು. ಮುಖ್ಯಮಂತ್ರಿಯ ತವರು ಕ್ಷೇತ್ರವಾದ ಗುಲ್ಬರ್ಗಾ ಕೂಡ ಶ್ರೀ ಧರ್ಮರಾವ್ ಅಫಜಲಪುರಕರರನ್ನು ಆ ಪಕ್ಷದಿಂದಲೇ ಆರಿಸಿತು. ವಿಧಾನಸಭೆಯ ಅವಧಿ ಇನ್ನೂ ಉಳಿದಿತ್ತು. ಲೋಕಸಭೆಗೆ ನಡೆದ ಚುನಾವಣೆಯಿಂದ ರಾಜ್ಯ ಸರಕಾರ ಬೀಳಬೇಕೆಂಬ ನಿಯಮವೂ ಇರಲಿಲ್ಲ. ಆದರೆ ಶಾಸಕರು ಒಬ್ಬೊಬ್ಬರಾಗಿ ಆಚೆಗೆ ಸರಿಯತೊಡಗಿದಾಗ ಬಹುಮತ ಕರಗಿತು. 1971ರ ಮಾರ್ಚ್ 18ರಂದು ಪಾಟೀಲರ ಮೊದಲ ಆಡಳಿತ ಕೊನೆಗೊಂಡಿತು. ಸ್ವಲ್ಪ ಕಾಲ ರಾಷ್ಟ್ರಪತಿ ಆಳ್ವಿಕೆ ನಡೆದು, 1972ರ ಚುನಾವಣೆಯ ಬಳಿಕ ಶ್ರೀ ದೇವರಾಜ ಅರಸರು ಮುಖ್ಯಮಂತ್ರಿಯಾದರು. ಆ ಚುನಾವಣೆಯಲ್ಲಿ ಸಂಸ್ಥಾ ಕಾಂಗ್ರೆಸ್ಸಿಗೆ ದೊರೆತದ್ದು 24 ಸ್ಥಾನ ಮಾತ್ರ. ಪಾಟೀಲರು ರಾಜ್ಯಸಭೆಯ ಸದಸ್ಯರಾಗಿ ದಿಲ್ಲಿಗೆ ತೆರಳಿ, ಅಲ್ಲಿ ಆರು ವರ್ಷ ಕಳೆದರು.

1977ರಲ್ಲಿ ತುರ್ತು ಪರಿಸ್ಥಿತಿಯ ಅನಂತರ ಉತ್ತರ ಭಾರತದಲ್ಲಿ ಜನತಾ ಪಕ್ಷದ ಪ್ರವಾಹವೇ ಹರಿಯಿತು. ಕರ್ನಾಟಕವು ಮಾತ್ರ 28 ಸ್ಥಾನಗಳಲ್ಲಿ 26ನ್ನು ಕಾಂಗ್ರೆಸ್ಸಿಗೇ ಕೊಟ್ಟಿತು. ರಾಯಬರೇಲಿಯಲ್ಲಿ ಸೋತಿದ್ದ ಇಂದಿರಾ ಗಾಂಧಿಯವರು ಲೋಕಸಭೆಗೆ ಮರಳುವ ದಾರಿಯನ್ನು ಹುಡುಕುತ್ತಿದ್ದಾಗ, ಚಿಕ್ಕಮಗಳೂರಿನ ಸದಸ್ಯರಾದ ಶ್ರೀ ಡಿ.ಬಿ. ಚಂದ್ರೇಗೌಡರು ತಮ್ಮ ಸ್ಥಾನವನ್ನು ಬಿಟ್ಟುಕೊಟ್ಟರು. 1978ರ ನವೆಂಬರಿನ ಆ ಉಪಚುನಾವಣೆಗೆ ಜನತಾ ಪಕ್ಷದ ಅಭ್ಯರ್ಥಿಯಾಗಿ ನಿಂತವರು ವೀರೇಂದ್ರ ಪಾಟೀಲರು. ಬಯಲುಸೀಮೆಯ ಚಿಂಚೋಳಿ ಎಲ್ಲಿ, ಮಲೆನಾಡಿನ ಕಾಫಿ ತೋಟಗಳ ಚಿಕ್ಕಮಗಳೂರು ಎಲ್ಲಿ! ತಮ್ಮದಲ್ಲದ ಕ್ಷೇತ್ರದಲ್ಲಿ, ದೇಶವೆಲ್ಲ ಬಲ್ಲ ನಾಯಕಿಯ ಎದುರಿಗೆ, ಮುಖ್ಯಮಂತ್ರಿ ಅರಸರ ಸರ್ವಪ್ರಯತ್ನದ ಎದುರಿಗೆ ಅವರು ನಿಂತರು. ದೇಶವಿದೇಶಗಳ ಪತ್ರಕರ್ತರು ಮಲೆನಾಡಿನ ಹಾದಿಗಳಲ್ಲಿ ತುಂಬಿದರು. ಇಂದಿರಾ ಗಾಂಧಿಯವರು 77,000ಕ್ಕೂ ಹೆಚ್ಚು ಮತಗಳ ಅಂತರದಿಂದ ಗೆದ್ದರು. ಸೋತವರನ್ನು ಇತಿಹಾಸವು ಬೇಗ ಮರೆಯುತ್ತದೆಯೆನ್ನುವರು. ಆದರೆ ಆ ಚುನಾವಣೆಯ ಮಾತು ಬಂದಾಗಲೆಲ್ಲ ಸೋತ ಪಾಟೀಲರ ಹೆಸರೂ ಗೆದ್ದವರ ಹೆಸರಿನೊಡನೆಯೇ ಬರುತ್ತದೆ. ಗೆಲ್ಲುವ ಭರವಸೆ ಕಡಿಮೆಯಿದ್ದ ಕಣದಲ್ಲಿಯೂ ಮತದಾರನಿಗೆ ಆಯ್ಕೆ ಇರಬೇಕೆಂದು ಒಬ್ಬನು ನಿಲ್ಲುವುದರಿಂದಲೇ ಚುನಾವಣೆಗೆ ಚುನಾವಣೆಯೆಂಬ ಹೆಸರು ಸಲ್ಲುತ್ತದೆ.

ಇದರ ಬಳಿಕ ನಡೆದುದು ಅವರ ಚರಿತ್ರೆಯಲ್ಲಿ ಚರ್ಚೆಗೆ ಆಸ್ಪದವಾದ ಸಂಗತಿ. ಜನತಾ ಪಕ್ಷವು ಒಳಜಗಳಗಳಿಂದ ಜರ್ಝರಿತವಾಗುತ್ತಿದ್ದ ಕಾಲದಲ್ಲಿ ಪಾಟೀಲರು ಅದನ್ನು ತೊರೆದು, ತಾವು ಎದುರಿಸಿದ್ದ ಇಂದಿರಾ ಗಾಂಧಿಯವರ ಕಾಂಗ್ರೆಸ್ಸನ್ನೇ ಸೇರಿದರು. ಒಡನಾಡಿ ಹೆಗಡೆಯವರು ಜನತಾ ಪಕ್ಷದಲ್ಲಿಯೇ ಉಳಿದು 1983ರಲ್ಲಿ ಮುಖ್ಯಮಂತ್ರಿಯಾದರು. ಹೀಗೆ ಲವ ಕುಶರ ದಾರಿಗಳು ಬೇರೆಯಾದವು. ಪಾಟೀಲರ ಈ ನಡೆಯನ್ನು ಅವಕಾಶವಾದವೆಂದವರೂ ಉಂಟು, ಮೂಲ ಮನೆಗೆ ಮರಳಿದರೆಂದವರೂ ಉಂಟು. ಅವರು ಪಕ್ಷ ಬದಲಿಸಿ ಅಧಿಕಾರಕ್ಕೆ ಹಿತ್ತಿಲ ಬಾಗಿಲಿನಿಂದ ಹೋಗಲಿಲ್ಲ ಎಂಬುದಂತೂ ಸತ್ಯ. 1980ರಲ್ಲಿ ಬಾಗಲಕೋಟೆಯಿಂದಲೂ, 1984ರಲ್ಲಿ ತವರು ಗುಲ್ಬರ್ಗಾದಿಂದಲೂ ಲೋಕಸಭೆಗೆ ನಿಂತು, ಮತದಾರರ ಒಪ್ಪಿಗೆಯನ್ನು ಪಡೆದೇ ಮುಂದುವರಿದರು. ಕೇಂದ್ರ ಸಂಪುಟದಲ್ಲಿ ಪೆಟ್ರೋಲಿಯಂ, ನೌಕಾಯಾನ ಮತ್ತು ಸಾರಿಗೆ, ಕಾರ್ಮಿಕ, ರಾಸಾಯನಿಕ ಮತ್ತು ರಸಗೊಬ್ಬರ ಖಾತೆಗಳು ಒಂದಾದ ಮೇಲೊಂದು ಅವರಿಗೆ ವಹಿಸಲ್ಪಟ್ಟವು.

ಅಷ್ಟರಲ್ಲಿ ರಾಜ್ಯದ ರಾಜಕೀಯವು ಮತ್ತೊಂದು ತಿರುವಿಗೆ ಬಂದಿತ್ತು. ಹೆಗಡೆಯವರ ತರುವಾಯ ಮುಖ್ಯಮಂತ್ರಿಯಾಗಿದ್ದ ಶ್ರೀ ಎಸ್.ಆರ್. ಬೊಮ್ಮಾಯಿಯವರ ಸರಕಾರವನ್ನು 1989ರ ಏಪ್ರಿಲ್ 21ರಂದು ಕೇಂದ್ರವು ವಜಾ ಮಾಡಿತು. ಸದನದಲ್ಲಿ ಬಹುಮತವನ್ನು ತೋರಿಸಲು ಅವಕಾಶ ಕೊಡಿರೆಂದು ಬೊಮ್ಮಾಯಿಯವರು ಕೇಳಿದ್ದು ಫಲಿಸಲಿಲ್ಲ. ಅವರು ನ್ಯಾಯಾಲಯದ ಮೊರೆಹೊಕ್ಕರು. 1994ರ ಮಾರ್ಚ್ 11ರಂದು ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಸರಕಾರಕ್ಕೆ ಬಹುಮತವಿದೆಯೇ ಇಲ್ಲವೇ ಎಂಬುದು ಸದನದಲ್ಲಿಯೇ ಪರೀಕ್ಷಿತವಾಗಬೇಕೆಂದು ನಿರ್ಣಯಿಸಿತು. ಅಧಿಕಾರವನ್ನು ಕೊಡುವವರೂ ಕಳೆಯುವವರೂ ಜನರಿಂದ ಆರಿಸಿಬಂದವರೇ ಆಗಿರಬೇಕೆಂಬ ತತ್ತ್ವಕ್ಕೆ ಕರ್ನಾಟಕದ ಈ ಮೊಕದ್ದಮೆ ಇಡೀ ಭಾರತದಲ್ಲಿ ಆಧಾರವಾಯಿತು.

ಆ ವಜಾ ಪ್ರಸಂಗದ ಬೆನ್ನಿಗೇ, 1989ರ ನವೆಂಬರಿನಲ್ಲಿ, ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೆ ಚುನಾವಣೆ ನಡೆಯಿತು. ರಾಜ್ಯ ಕಾಂಗ್ರೆಸ್ಸಿನ ಸಾರಥ್ಯವನ್ನು ವಹಿಸಿದ್ದವರು ಪಾಟೀಲರು. ದೇಶದಲ್ಲಿ ಆ ಪಕ್ಷಕ್ಕೆ ಹಿನ್ನಡೆಯಾಗಿ ರಾಜೀವ್ ಗಾಂಧಿಯವರು ಪ್ರಧಾನಿ ಪದವಿಯನ್ನು ಬಿಡಬೇಕಾದ ಹೊತ್ತಿನಲ್ಲಿ, ಕರ್ನಾಟಕವು 224 ವಿಧಾನಸಭಾ ಸ್ಥಾನಗಳಲ್ಲಿ 178ನ್ನೂ, 28 ಲೋಕಸಭಾ ಸ್ಥಾನಗಳಲ್ಲಿ 27ನ್ನೂ ಕಾಂಗ್ರೆಸ್ಸಿಗೆ ಕೊಟ್ಟಿತು. ಆ ಮೊದಲಾಗಲಿ ಆ ಬಳಿಕವಾಗಲಿ ರಾಜ್ಯದ ವಿಧಾನಸಭೆಯಲ್ಲಿ ಯಾವ ಪಕ್ಷಕ್ಕೂ ಅಷ್ಟು ಸ್ಥಾನಗಳು ಬಂದಿಲ್ಲ. ಪಾಟೀಲರು ಚಿಂಚೋಳಿಯಿಂದ ಆರಿಸಿಬಂದು, ನವೆಂಬರ್ 30ರಂದು ಎರಡನೆಯ ಸಲ ಮುಖ್ಯಮಂತ್ರಿಯಾದರು. ಮೊದಲ ಸಲ ಅವರು ಮೈಸೂರು ರಾಜ್ಯದ ಮುಖ್ಯಮಂತ್ರಿ. ಈಗ ಕರ್ನಾಟಕದ ಮುಖ್ಯಮಂತ್ರಿ. ನಡುವೆ ಹದಿನೆಂಟು ವರ್ಷ ಸಂದಿದ್ದವು.

ಈ ಸಲದ ಆಡಳಿತದಲ್ಲಿ ಅವರು ಬೊಕ್ಕಸದ ಶಿಸ್ತಿಗೆ ಕೈಹಾಕಿದರು. ಅಬಕಾರಿ ಆದಾಯದ ಸೋರಿಕೆಯನ್ನು ತಡೆಯಲು ಹೊರಟದ್ದರಿಂದ ಹೆಂಡ ಸಾರಾಯಿಯ ಪ್ರಬಲ ಗುತ್ತಿಗೆದಾರರ ವಿರೋಧವನ್ನು ಕಟ್ಟಿಕೊಂಡರು. ಪಕ್ಷದೊಳಗೆ ಅಸಮಾಧಾನ ಬೆಳೆಯಿತು. ಹೀಗಿರಲು 1990ರಲ್ಲಿ ಅವರಿಗೆ ಪಾರ್ಶ್ವವಾಯು ತಗುಲಿತು. ಅದೇ ದಿನಗಳಲ್ಲಿ ಚನ್ನಪಟ್ಟಣ, ರಾಮನಗರಗಳಲ್ಲಿ ಕೋಮು ಗಲಭೆ ಎದ್ದು ಜೀವಹಾನಿಯಾಯಿತು. ಗಲಭೆ ನಡೆದ ಊರುಗಳನ್ನು ನೋಡಲು ಬಂದಿದ್ದ ಕಾಂಗ್ರೆಸ್ ಅಧ್ಯಕ್ಷ ರಾಜೀವ್ ಗಾಂಧಿಯವರು, ದಿಲ್ಲಿಗೆ ಮರಳುವ ಮುನ್ನ ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿಯೇ, ಮುಖ್ಯಮಂತ್ರಿಯ ಬದಲಾವಣೆಯನ್ನು ಪತ್ರಕರ್ತರಿಗೆ ಪ್ರಕಟಿಸಿದರು. ಗಲಭೆಯನ್ನು ತಡೆಯುವ ಹೊಣೆ ಸರಕಾರದ್ದು. ಕಾಯಿಲೆಯ ಮುಖ್ಯಮಂತ್ರಿ ಆ ಹೊಣೆಯನ್ನು ಹೊರಬಲ್ಲರೇ ಎಂಬ ಪ್ರಶ್ನೆಯೂ ಅನ್ಯಾಯದ್ದಲ್ಲ. ಆದರೆ ಆ ಪ್ರಶ್ನೆಯನ್ನು ಶಾಸಕರ ಮುಂದೆ ಇಟ್ಟು ಉತ್ತರ ಪಡೆಯುವ ತಾಳ್ಮೆ ಕಾಣಲಿಲ್ಲ. ಅಕ್ಟೋಬರ್ 10ರಂದು ಪಾಟೀಲರ ಆಡಳಿತ ಮುಗಿಯಿತು. ಒಂದು ವಾರದ ರಾಷ್ಟ್ರಪತಿ ಆಳ್ವಿಕೆಯ ಅನಂತರ, 17ರಂದು ಶ್ರೀ ಎಸ್. ಬಂಗಾರಪ್ಪನವರು ಮುಖ್ಯಮಂತ್ರಿಯಾದರು.

1971ರಲ್ಲಿ ಪಾಟೀಲರನ್ನು ಇಳಿಸಿದವರು ಮತದಾರರು. 1978ರಲ್ಲಿ ಸೋಲಿಸಿದವರೂ ಮತದಾರರೇ. ಆ ಎರಡು ಸೋಲುಗಳಿಂದ ನಾಡಿನಲ್ಲಿ ಕಹಿಯೇನೂ ಉಳಿಯಲಿಲ್ಲ. 1990ರಲ್ಲಿ ಮಾತ್ರ, 178 ಸ್ಥಾನಗಳ ಬಲವಿದ್ದ ನಾಯಕನು ಒಂದು ಮತವೂ ಚಲಾವಣೆಯಾಗದೆ ಕೆಳಗಿಳಿದನು. ಸರಕಾರವನ್ನು ಕೇಂದ್ರವು ಮನಬಂದಂತೆ ವಜಾ ಮಾಡದಂತೆ ಕಾಯಲು ನ್ಯಾಯಾಲಯವಿದೆ; ಪಕ್ಷವು ತನ್ನವನನ್ನೇ ಇಳಿಸಿದಾಗ ಕೇಳುವ ನ್ಯಾಯಾಲಯ ಯಾವುದು? ಅದಕ್ಕೆ ಉತ್ತರವನ್ನು ಜನರೇ ಕೊಟ್ಟರು. 1994ರ ವಿಧಾನಸಭಾ ಚುನಾವಣೆಯಲ್ಲಿ ಕಾಂಗ್ರೆಸ್ 34 ಸ್ಥಾನಗಳಿಗೆ ಇಳಿಯಿತು. ಜನತಾ ದಳವು 115 ಸ್ಥಾನಗಳೊಡನೆ ಅಧಿಕಾರಕ್ಕೆ ಬಂದಿತು. 1989ರಲ್ಲಿ 4 ಸ್ಥಾನಗಳಲ್ಲಿದ್ದ ಭಾರತೀಯ ಜನತಾ ಪಕ್ಷವು 40ಕ್ಕೆ ಏರಿತು. ಈ ಫಲಿತಾಂಶಕ್ಕೆ ಕಾರಣಗಳು ಹಲವು. ನಡುವಿನ ನಾಲ್ಕು ವರ್ಷಗಳಲ್ಲಿ ಕಾಂಗ್ರೆಸ್ ಮತ್ತೊಮ್ಮೆ ಮುಖ್ಯಮಂತ್ರಿಯನ್ನು ಬದಲಿಸಿದ್ದೂ ಅವುಗಳಲ್ಲೊಂದು. ಆದರೂ ಲಿಂಗಾಯತ ಸಮಾಜದ ದೊಡ್ಡ ಭಾಗವು ಆ ಪಕ್ಷದಿಂದ ದೂರ ಸರಿಯಲು 1990ರ ಪ್ರಸಂಗವು ಮುಖ್ಯ ಕಾರಣವೆಂಬುದನ್ನು ರಾಜಕೀಯದ ಅಭ್ಯಾಸಿಗಳು ಸಾಮಾನ್ಯವಾಗಿ ಒಪ್ಪುತ್ತಾರೆ. 2023ರ ಚುನಾವಣೆಯ ಪ್ರಚಾರದಲ್ಲಿಯೂ ಅದು ಮತ್ತೆ ಪ್ರಸ್ತಾಪಕ್ಕೆ ಬಂದಿತೆಂದರೆ ಆ ಗಾಯದ ಆಳ ತಿಳಿಯುತ್ತದೆ.

ಈ ನೋವನ್ನು ಒಂದು ಸಮಾಜದ ನೋವೆಂದಷ್ಟೇ ಎಣಿಸುವುದು ಪಾಟೀಲರಿಗೆ ನ್ಯಾಯ ಮಾಡಿದಂತಾಗದು. ಚಿಂಚೋಳಿ, ಬಾಗಲಕೋಟೆ, ಗುಲ್ಬರ್ಗಾ ಕ್ಷೇತ್ರಗಳಲ್ಲಿ ಅವರಿಗೆ ಮತ ಕೊಟ್ಟವರು ಎಲ್ಲ ಜಾತಿ ಮತಗಳವರು. ಉರ್ದುವನ್ನು ಕನ್ನಡದಷ್ಟೇ ಸಲೀಸಾಗಿ ಬಲ್ಲ ಅವರು ಒಂದು ಜನವರ್ಗಕ್ಕೆ ಸೀಮಿತರಾಗುವಂಥವರೂ ಆಗಿರಲಿಲ್ಲ. 1990ರಲ್ಲಿ ಅವಮಾನಿತವಾದದ್ದು ಒಬ್ಬ ವ್ಯಕ್ತಿಯೂ ಅಲ್ಲ, ಒಂದು ಜಾತಿಯೂ ಅಲ್ಲ. ಹನ್ನೊಂದು ತಿಂಗಳ ಹಿಂದೆ ಸಾಲಿನಲ್ಲಿ ನಿಂತು ಮುದ್ರೆಯೊತ್ತಿ ಬಂದ ಪ್ರತಿಯೊಬ್ಬ ಮತದಾರನ ನಿರ್ಣಯ. ಹಾಗೆಂದು ತಿಳಿದಾಗಲೇ ಆ ಪ್ರಸಂಗದ ಪಾಠ ಎಲ್ಲರದೂ ಆಗುತ್ತದೆ.

ಪದವಿಯನ್ನು ಕಳೆದುಕೊಂಡ ಮೇಲೆ ಪಾಟೀಲರ ದೇಹಸ್ಥಿತಿ ಹಿಂದಿನಂತಾಗಲಿಲ್ಲ. 1997ರ ಮಾರ್ಚ್ 14ರಂದು, ತಮ್ಮ 73ನೆಯ ವಯಸ್ಸಿನಲ್ಲಿ, ಅವರು ಲಿಂಗೈಕ್ಯರಾದರು. ಬೆಂಗಳೂರಿನ ಸದಾಶಿವನಗರದಲ್ಲಿ ಹೈದರಾಬಾದ್ ಕರ್ನಾಟಕ ಶಿಕ್ಷಣ ಸಂಸ್ಥೆಯ ಪದವಿ ಕಾಲೇಜು ಅವರ ಹೆಸರನ್ನು ಹೊತ್ತಿದೆ. 2004ರಲ್ಲಿ ಶ್ರೀ ಎನ್. ಧರ್ಮಸಿಂಗ್ ಅವರು ಮುಖ್ಯಮಂತ್ರಿಯಾದಾಗ ಕಲಬುರಗಿ ಜಿಲ್ಲೆಯು ರಾಜ್ಯಕ್ಕೆ ಎರಡನೆಯ ಮುಖ್ಯಮಂತ್ರಿಯನ್ನು ಕೊಟ್ಟಿತು. ಸಂವಿಧಾನದ 371ಜೆ ವಿಧಿಯ ತಿದ್ದುಪಡಿಯು 2012ರಲ್ಲಿ ಸಂಸತ್ತಿನ ಒಪ್ಪಿಗೆ ಪಡೆದು, ಉದ್ಯೋಗದಲ್ಲಿಯೂ ಶಿಕ್ಷಣದಲ್ಲಿಯೂ ಈ ಸೀಮೆಯವರಿಗೆ ಮೀಸಲು ಅವಕಾಶ ದೊರೆಯಿತು. 2019ರಲ್ಲಿ ಹೈದರಾಬಾದ್ ಕರ್ನಾಟಕವೆಂಬ ಹೆಸರು ಅಳಿದು ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. 1957ರಲ್ಲಿ ಚಿಂಚೋಳಿಯ ತರುಣ ಶಾಸಕನು ಬೆಂಗಳೂರಿಗೆ ಹೊತ್ತುಕೊಂಡು ಹೋದ ಅಳುಕಿಗೂ ಆಸೆಗೂ ದೊರೆತ ಉತ್ತರಗಳಲ್ಲಿ ಇವೂ ಸೇರಿವೆ.

ಈ ನಾಡಿನಲ್ಲಿ ಚುನಾವಣೆ ಬಂದಾಗ ಮತಗಟ್ಟೆಯಾಗುವುದು ಬಹುತೇಕ ಶಾಲೆಯ ಕೋಣೆಯೇ; ಮತದಾರನ ಹೆಸರನ್ನು ಪಟ್ಟಿಯಲ್ಲಿ ಹುಡುಕಿ, ಬೆರಳಿಗೆ ಶಾಯಿ ಹಚ್ಚುವವರಲ್ಲಿ ಬಹುಮಂದಿ ಶಿಕ್ಷಕರೇ. ಅಕ್ಷರವನ್ನು ಕಲಿಸುವ ಕೋಣೆಯಲ್ಲಿಯೇ ಅಧಿಕಾರದ ಹಣೆಬರಹವೂ ಬರೆಯಲ್ಪಡುತ್ತದೆ. ಅಲ್ಲಿ ಬರೆದುದನ್ನು ಗೆದ್ದಾಗ ವಿನಯದಿಂದಲೂ ಸೋತಾಗ ಸಮಾಧಾನದಿಂದಲೂ ಓದಿಕೊಂಡ ಒಬ್ಬ ನಾಯಕ ಈ ಜಿಲ್ಲೆಯಲ್ಲಿ ಹುಟ್ಟಿದ್ದನೆಂಬುದನ್ನು ವಿದ್ಯಾರ್ಥಿಗಳಿಗೆ ತಿಳಿಸುವುದು ಉಚಿತ. ಆ ಬರಹವನ್ನು ಬೇರೆ ಯಾರೋ ತಿದ್ದಲು ಹೊರಟಾಗ ಏನಾಗುವುದೆಂಬುದನ್ನೂ ಅವರ ಬಾಳಿನಿಂದಲೇ ತಿಳಿಸಬಹುದು.